ಎರಡು ಬೆರಳಿನ ಲ್ಯಾಪ್‌ಟಾಪ್

ತೆಳ್ಳಗಿರುವುದೆಲ್ಲ ಹಾಳೆಯಲ್ಲ ಅಂತ ಗಾದೆಯೇ ಇದೆ. ಇದು ದೇವರಾಣೆಗೂ ನಡೆದ ಕತೆ.

ನಮ್ಮ ಕಾಲೇಜಿಗೆ ಹೊಸದಾಗಿ ಬಂದ ಶ್ರೀಕಂಠಸ್ವಾಮಿ ಮೇಷ್ಟ್ರು ತಮ್ಮ ಲ್ಯಾಪ್‌ಟಾಪನ್ನು ಎರಡೇ ಬೆರಳಲ್ಲಿ ಎತ್ತಿ, "ನಿಮ್ದೆಲ್ಲ ಲ್ಯಾಪ್‌ಟಾಪಾ ರೀ, ರುಬ್ಬೋ ಕಲ್ಲು" ಎಂದು ದಿನಾ ಹೀಗಳೆಯುತ್ತಿದ್ದರು. ಕೇಳಿ ಕೇಳಿ ಉಳಿದ ಮೇಷ್ಟ್ರುಗಳಾದ ನಮಗೆ ರೋಸಿಹೋಗಿತ್ತು. ಕೆಲಸ ಕಾಯಂ ಆಗಲು ಅವರು ಪ್ರಾಂಶುಪಾಲರೆದುರು ಪ್ರೊಜೆಕ್ಟರ್ ಹಾಕಿ ಪಾಠ ಮಾಡಿ ತೋರಿಸಬೇಕಿದ್ದ ದಿನ, ಆ ಲ್ಯಾಪ್‌ಟಾಪನ್ನು ಬಚ್ಚಿಟ್ಟು, ಅದರ ಚೀಲದೊಳಗೆ ಪರೀಕ್ಷೆ ಬರೆಯುವ ರಟ್ಟು ತುರುಕಿದೆವು.

ವೇದಿಕೆಯ ಮೇಲೆ ಚೀಲದಿಂದ ರಟ್ಟು ಹೊರಬಂತು. ಸಭೆ ಗೊಳ್ಳೆಂದಿತು.

"ಯಾರ್ರೀ ಈ ಕುಚೇಷ್ಟೆ ಮಾಡಿದ್ದು? ಪಾಪ, ಇವರ ಪಾಠ ನಾಳೆ ಇಟ್ಕೊಳ್ಳೋಣ" ಎಂದರು ಪ್ರಾಂಶುಪಾಲರು.

ಮೇಷ್ಟ್ರು ಕೆಳಗಿಳಿದು ನನ್ನ ಕಿವಿಯಲ್ಲಿ, "ಬದುಕ್ಕೊಂಡೆ ಕಣ್ರೀ. ತೆಳು ಮಾಡೋ ಭರದಲ್ಲಿ ಕಂಪ್ನಿಯೋರು ನನ್ ಲ್ಯಾಪ್‌ಟಾಪಿಗೆ ಪ್ರೊಜೆಕ್ಟರ್ ವೈರ್ ಚುಚ್ಚೋ ಜಾಗಾನೇ ಇಟ್ಟಿಲ್ಲ, ಬೆಳಗ್ಗೆಯಷ್ಟೇ ನೋಡ್ದೆ" ಎಂದು ಎಲ್ಲರಿಗಿಂತ ಜೋರಾಗಿ ನಕ್ಕರು.