ಲೈನಿನ ಹಸಿರು ದೀಪ

ಮೇಲ್ದಂಡೆಯ ಜಲಮಾಪನ ಕೇಂದ್ರ ನೆರೆಗೆ ಸಿಕ್ಕಿ ಮೂವತ್ತೊಂದು ಗಂಟೆಯಾಗಿತ್ತು. ಅಲ್ಲಿ ಪಾಳಿಯಲ್ಲಿದ್ದವಳು ಎಂಜಿನಿಯರ್ ದೇವೇಂದ್ರಪ್ಪನವರ ಒಬ್ಬಳೇ ಮಗಳು. ಫೋನುಗಳೆಲ್ಲ ಸತ್ತಿದ್ದವು; ಉಳಿದದ್ದು ಆ ಕೇಂದ್ರಕ್ಕೂ ಕಚೇರಿಗೂ ನಡುವೆ ನೇರವಾಗಿ ಎಳೆದಿದ್ದ ಇಲಾಖೆಯ ಲೀಸ್ಡ್ ಲೈನ್ ಒಂದೇ. ದೇವೇಂದ್ರಪ್ಪನವರು ಕಚೇರಿಯಲ್ಲಿ ಸುಟ್ಟುಹೋದ ಸಿಗ್ನಲ್ ಪರಿವರ್ತಕವನ್ನು ಕಿತ್ತು, ಲೈನಿಗೂ ಅಲ್ಲಿನ ಸರ್ವರಿಗೂ ನಡುವೆ ಹೊಸದನ್ನು ಜೋಡಿಸಿದರು. ಹಸಿರು ದೀಪ ಹತ್ತಿತು.

"ಲೈನ್ ಬಂತು ಸಾರ್! ನಿಮ್ಮ ಮಗಳು ಗಟ್ಟಿಗಿತ್ತಿ ಅಂತ ನಾನು ಹೇಳಲಿಲ್ಲವಾ?" ಎಂದು ಲೈನ್‌ಮನ್ ಮಸ್ತಾನ್ ಸಾಬರು ಕೂಗಿದರು.

"ಸುಮ್ಮನಿರಿ ಸಾಬರೇ. ಸಿಗ್ನಲ್ ಎಲ್ಲಿಂದಲೋ ಬರ್ತಿದೆ ಅಂತಷ್ಟೇ ಆ ದೀಪದ ಅರ್ಥ. ನಾವು ಕಳಿಸಿದ್ದೇ ದಾರೀಲಿ ತಿರುಗಿ ವಾಪಸ್ ಬಂದರೂ ಅದು ಹತ್ತುತ್ತೆ."

"ಎಲ್ಲಿಂದ ಬರುತ್ತೆ ಸಾರ್? ಆ ತುದೀಲಿ ಇರೋದು ಅವಳೊಬ್ಬಳೇ. ಮಾತಾಡಿಸಿ."

ದೇವೇಂದ್ರಪ್ಪನವರು ಒಂದೊಂದೇ ಅಕ್ಷರ ಒತ್ತಿ, 'ನೀಲಾ, ಇದ್ದೀಯೇನಮ್ಮಾ?' ಎಂದು ಕಳುಹಿಸಿದರು.

ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ಮೇಲೆ ಉತ್ತರ ಮೂಡಿತು: 'ನೀಲಾ, ಇದ್ದೀಯೇನಮ್ಮಾ?'