ಇಡೀ ಜಿಲ್ಲೆ ನೋಡಿದ ಸಾವು

ನಿಂಗನಗೌಡನ ಲೋಕಲ್ ಟಿವಿಯಲ್ಲಿ ವಾರ್ತೆ ಶುರುವಾದರೆ ಊರಿನ ಕಾಗೆಗಳೂ ಕೂಗು ನಿಲ್ಲಿಸಿ ಕೇಬಲ್ ತಂತಿಯ ಮೇಲೆ ಸಾಲಾಗಿ ಕೂರುತ್ತಿದ್ದವಂತೆ. ಚಾನೆಲ್ಲಿಗೆ ಇಪ್ಪತ್ತು ವರ್ಷ ತುಂಬಿದ ದಿನ ಅವನು ಕ್ಯಾಮೆರಾದ ಮುಂದೆ ಕೂತು ಅದರ ಇತಿಹಾಸವನ್ನು ಹೀಗೆ ಹೇಳುತ್ತಿದ್ದಾಗ, ನಿವೃತ್ತ ಮಾಸ್ತರರೊಬ್ಬರು ಬಾಗಿಲು ದೂಡಿಕೊಂಡು ಒಳಬಂದರು.

ಗೌಡ ಕುರ್ಚಿಯಲ್ಲೇ ಹಿಂದೆ ಸರಿದ. ಹೋದ ವಾರ ಅದೇ ಹೆಸರಿನ ಇನ್ಯಾರೋ ಸತ್ತಿದ್ದಕ್ಕೆ ಈ ಮಾಸ್ತರರ ಫೋಟೊ ಹಾಕಿ, ಮೂರು ದಿನ ಶ್ರದ್ಧಾಂಜಲಿ ತೋರಿಸಿಬಿಟ್ಟಿದ್ದ.

"ಇದೊಂದು ಟಿವಿ ಸ್ಟೇಷನ್ನೇನಲೇ? ಟೈರ್ ಅಂಗಡಿ ಮ್ಯಾಲಿನ ಕಸದ ಬುಟ್ಟಿ! ನನ್ನ ಫೋಟೊಕ್ಕ ಹಾರ ಹಾಕಿದ್ದು ನಾನ ಕುಂತು ನೋಡೇನಿ."

"ತಪ್ಪಾತ್ರಿ ಸರ..."

"ತಪ್ಪು ಹಾಳಾಗಿ ಹೋಗಲಿ. ಎಷ್ಟು ಮಂದಿ ನೋಡಿರಬೇಕು ಅದನ್ನ?"

ಹೆದರಿದರೂ ಗೌಡನ ನಾಲಿಗೆ ಬಡಾಯಿಯ ಚಾಳಿ ಬಿಡಬೇಕಲ್ಲ!

"ಎಷ್ಟು ಮಂದಿ ಏನ್ರಿ ಸರ, ಇಡೀ ಜಿಲ್ಲಾನ ನೋಡೇತಿ! ಮೂರು ದಿನ ಯಾರ ಮನ್ಯಾಗೂ ಒಲಿ ಹೊತ್ತಿಲ್ಲ!"

ಮಾಸ್ತರರು ಅಲ್ಲೇ ಕುರ್ಚಿಯಲ್ಲಿ ಕುಸಿದರು. ಬೈಯುತ್ತಿದ್ದ ದನಿ ಒಮ್ಮೆಲೇ ಇಳಿಯಿತು.

"ಮೂವತ್ತೆಂಟು ವರ್ಷ ಸಾಲಿ ಕಲಿಸೇನಪ್ಪಾ. ಮೂರು ದಿನ ಬಾಗಿಲಾ ತಗದು ಕುಂತಿದ್ದೆ. ನನ್ನ ಹುಡುಗರು ಒಬ್ಬರೂ ಬರಲಿಲ್ಲ. ಇಡೀ ಜಿಲ್ಲಾ ನೋಡೇತಿ ಅಂದ್ರ... ಯಾರಿಗೂ ನಾ ಬ್ಯಾಡಾಗಿದ್ದೆನೇನು?"

ಗೌಡ ಎದ್ದು ಹೋಗಿ ಕ್ಯಾಮೆರಾ ಆರಿಸಿ ಬಂದ. ಮಾಸ್ತರರ ಕಾಲ ಬುಡದಲ್ಲಿ ಕೂತ.

"ಸರ, ಈ ಊರಾಗ ನಮ್ಮ ಚಾನೆಲ್ ನೋಡಾವ್ರು ನೀವೊಬ್ಬರ ಅದೀರಿ."