ಹಂಪಮ್ಮನ ಹೊಲದ ಕಾವಲು

ಕವಣೆಯ ಕಲ್ಲು ಸುಯ್ಯೆಂದು ಬದು ದಾಟಿ, ಪಕ್ಕದ ಹೊಲದ ಗೆಳತಿ ಬಂಡೆಮ್ಮ ಬಿಚ್ಚಿಟ್ಟಿದ್ದ ಬುತ್ತಿಯ ಮಗ್ಗುಲಲ್ಲೇ ಬಿತ್ತು. ಈಚೆ ತನ್ನ ಜೋಳದ ಹೊಲದಲ್ಲಿದ್ದ ಹಂಪಮ್ಮ ಬದುವಿನತ್ತ ಓಡಿದಳು. ಬಂಡೆಮ್ಮ ಕಲ್ಲನ್ನು ಕೈಯಲ್ಲಿ ಹಿಡಿದೇ ಬಂದಳು.

“ತಗೊ, ನಿನ್ನ ಕಲ್ಲು. ಹಂಗೇ ನಿನ್ನ ಹಕ್ಕಿನೂ ವಾಪಸ್ ಕರಕೊ. ಮುಂಜಾನಿಂದ ಎಲ್ಲಾ ನನ್ನ ಹೊಲಕ್ಕ ಕಳಸಾಕತ್ತೀದಿ.”

“ಹಕ್ಕಿ ನನ್ನ ಮಾತು ಕೇಳ್ತಾವೇನಬೇ?”

“ನಿನ್ನ ಮಾತು ಕೇಳಂಗಿಲ್ಲ, ಅವನ ಕವಣಿ ಮಾತು ಕೇಳ್ತಾವಲ್ಲ,” ಎಂದು ಬಂಡೆಮ್ಮ ಕಾವಲಿನ ಅಟ್ಟದ ಮೇಲಿದ್ದ ಆಂಜನೇಯನ ಕಡೆ ಗದ್ದ ಎತ್ತಿದಳು.

ಹೋದ ವರ್ಷ ಹಾಲುಗಾಳಿನ ಹೊತ್ತಿಗೆ ಗಿಳಿಗಳ ಹಿಂಡು ಬಿದ್ದು ಹಂಪಮ್ಮನ ತೆನೆಗಳು ಬರೀ ಹೊಟ್ಟಾಗಿ ನಿಂತಿದ್ದವು. ಆಗ ಸೇರುಗಟ್ಟಲೆ ಜೋಳ ಅಳೆದು ಕೊಟ್ಟವಳು ಇದೇ ಬಂಡೆಮ್ಮ. ಈ ಸಲ ತೆನೆ ಭಾರಕ್ಕೆ ದಂಟು ಬಾಗಿದ್ದವು. ಮತ್ತೆ ಹಾಗಾಗಬಾರದೆಂದು, ಮಿಲಿಟರಿಯಿಂದ ನಿವೃತ್ತನಾಗಿ ತಮ್ಮೂರು ಕುರ್ಡಿಗೆ ಬಂದಿದ್ದ ಆಂಜನೇಯನನ್ನು ಹಂಪಮ್ಮ ಕಾವಲಿಗೆ ನಿಲ್ಲಿಸಿದ್ದಳು.

ಆಂಜನೇಯ ಅಟ್ಟ ಇಳಿದು ಬಂದ. “ಕಲ್ಲು ಜಾರಿತು, ತಪ್ಪಾತು ಯವ್ವಾ. ಆದ್ರ ಕಾಯೂದು ತಪ್ಪಲ್ಲ. ದೇಶಾನೂ ಹಿಂಗ. ನಾವು ಯಾರ ತಂಟಿಗೂ ಹೋಗಂಗಿಲ್ಲ, ಖರೆ. ಆದ್ರ ನೆಲದಾಗ ಬಂಗಾರ ಅದ, ಹೊಳಿಯಾಗ ನೀರು ಅದ. ಕಾಯೋರಿಲ್ಲಂದ್ರ ಮಂದಿ ಸುಮ್ನ ಬಿಡ್ತಾರೇನು?”

“ನಿನ್ನ ದೇಶದ ಮಗ್ಗುಲಾಗ ಯಾರೂ ಇದ್ದಿದ್ದಿಲ್ಲೇನು?” ಎಂದು ಬಂಡೆಮ್ಮ ಕೇಳಿದಳು.

“ಇದ್ರಲ್ಲ.”

“ಅವರೇನು ಮಾಡ್ತಿದ್ರು?”

“ಅವರೂ ಕಾಯ್ತಿದ್ರು.”

“ಹಂಗಾರ ನಾಳಿ ನಾನೂ ನಮ್ಮ ಮೈದುನ ತಾಯಣ್ಣನ್ನ ನಿಂದರಸ್ತೀನಿ,” ಎಂದವಳೇ ಬಂಡೆಮ್ಮ ತಿರುಗಿ ನಡೆದಳು.

ಬದುವಿನ ಮೇಲೆಯೇ ಒಂದು ಅಟ್ಟ ಹಾಕಿದರೆ ಎರಡೂ ಹೊಲ ಕಾಯಬಹುದಲ್ಲ ಎಂಬ ಮಾತು ಹಂಪಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಒಬ್ಬನ ಕಣ್ಣು ಎರಡು ಕಡೆ ಹರಿದರೆ ತನ್ನ ತೆನೆ ಉಳಿದಾವೇ? ಆ ಅಂಜಿಕೆ ಮಾತನ್ನು ಒಳಗೇ ನುಂಗಿತು. ಗೆಳತಿ ಬದು ದಾಟುವವರೆಗೂ ಅವಳು ನೋಡುತ್ತ ನಿಂತಳು.

ಮರುದಿನ ಬರುವಷ್ಟರಲ್ಲಿ ಆಚೆಯ ಹೊಲದಲ್ಲಿ ಹೊಸ ಅಟ್ಟ ಎದ್ದಿತ್ತು, ಈಚೆಯದಕ್ಕಿಂತ ಗೇಣು ಎತ್ತರ. ಅಲ್ಲಿ ತಾಯಣ್ಣ, ಇಲ್ಲಿ ಆಂಜನೇಯ. ಎದುರಿನಿಂದ ಯಾವಾಗ ಕಲ್ಲು ಬಂದೀತೋ ಎಂದು ಇಬ್ಬರೂ ಕವಣೆಗೆ ಕಲ್ಲು ತುಂಬಿಕೊಂಡು ಒಬ್ಬರನ್ನೊಬ್ಬರು ದಿಟ್ಟಿಸುತ್ತಿದ್ದರು. ಇಬ್ಬರ ಬೆನ್ನ ಹಿಂದೆಯೂ, ಹೊಲಗಳ ದೂರದ ಅಂಚಿನಲ್ಲಿ, ಗಿಳಿಗಳು ಸದ್ದಿಲ್ಲದೆ ತೆನೆಗಳ ಮೇಲೆ ಇಳಿದಿದ್ದವು.

ಹಂಪಮ್ಮ ಕೂಗಲೆಂದು ಬಾಯಿ ತೆರೆದಳು. ಆದರೆ ನೀನು ಮೊದಲು ಹಿಂದೆ ತಿರುಗು ಎಂದು ಯಾರಿಗೆ ಹೇಳಬೇಕೋ ತಿಳಿಯಲಿಲ್ಲ.